ಅಡಿಕೆ ದರ್ಜೆ ಗುರುತಿಸುವ ಪ್ರಾಜೆಕ್ಟ್: ಫೋಟೊ ಅಲ್ಲ, ಲಾಟ್ ಎಣಿಸಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಎಂ.ಟೆಕ್ ಅಥವಾ ಎಂ.ಎಸ್ಸಿ ಪ್ರಾಜೆಕ್ಟಿಗೆ ಅಡಿಕೆಯನ್ನು ಆರಿಸಿಕೊಳ್ಳುವುದು ಸಹಜ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ನಾಲ್ಕು ದರ್ಜೆಗಳೂ ಮಂಡಿಯಲ್ಲೇ ನೋಡಸಿಗುತ್ತವೆ, ಫೋಟೊ ತೆಗೆಯಲು ಫೋನ್ ಸಾಕು. ಫೋಟೊ ನೋಡಿ ದರ್ಜೆ ಹೇಳಲು ಕಲಿತು ಕಾಲೇಜಿನ ಕಂಪ್ಯೂಟರಿನಲ್ಲಿ ಶೇ 98 ನಿಖರತೆ ತೋರಿಸಿದ ಮಾಡೆಲ್ ಬೇರೆ ತೋಟದ ಅಡಿಕೆ ಕಂಡೊಡನೆ ತಡವರಿಸಿದರೆ ಮೊದಲು ನೆಟ್‌ವರ್ಕನ್ನು (ಮಾಡೆಲಿನ ಒಳರಚನೆಯನ್ನು) ದೂರಬೇಡಿ. ದತ್ತಾಂಶವನ್ನು ಹಂಚಿದ ರೀತಿಯನ್ನು ನೋಡಿ. ಈ ಟಿಪ್ಪಣಿಯ ಹೆಚ್ಚಿನ ಪಾಲು ಅದರ ಬಗ್ಗೆಯೇ ಇದೆ.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಟ್ಟು 40 ಲಾಟ್ (ಒಟ್ಟಿಗೇ ಬೇಯಿಸಿ ಒಣಗಿಸಿದ ಒಂದು ದರ್ಜೆಯ ಅಡಿಕೆ ಒಂದು ಲಾಟ್): ರಾಶಿ 20, ಬೆಟ್ಟೆ 8, ಗೊರಬಲು 8, ಸರಕು 4. ಲಾಟಿಗೆ 25 ಫೋಟೊ ತೆಗೆದರೆ 1000 ಚಿತ್ರ. ಈಗ ಚಿತ್ರಗಳನ್ನೆಲ್ಲ ಕಲಸಿ 80:20 ಹಂಚಿದರೆ ಏನಾಗುತ್ತದೆ? ಪ್ರತಿ ಲಾಟಿನ ಸುಮಾರು 20 ಫೋಟೊ ತರಬೇತಿಗೂ 5 ಫೋಟೊ ಪರೀಕ್ಷೆಗೂ ಹೋಗುತ್ತವೆ. ಒಂದೇ ಲಾಟಿನ ಅಡಿಕೆ ಒಂದೇ ಹಂಡೆಯ ಚೊಗರಿನಲ್ಲಿ ಬೆಂದದ್ದು, ಒಂದೇ ಅಂಗಳದಲ್ಲಿ ಒಣಗಿದ್ದು, ಒಂದೇ ಬೆಳಕಿನಲ್ಲಿ ಫೋಟೊಗೆ ಸಿಕ್ಕಿದ್ದು. ಮಾಡೆಲ್ ದರ್ಜೆಯನ್ನು ಕಲಿಯಬೇಕಾಗಿಯೇ ಇಲ್ಲ, ಲಾಟನ್ನು ಗುರುತು ಹಿಡಿದರೆ ಉತ್ತರ ಸಿಕ್ಕಿಬಿಡುತ್ತದೆ. ಡೇಟಾ ಲೀಕೇಜ್ ಎಂದರೆ ಇದೇ. ಇದನ್ನು ಡ್ರಾಪ್‌ಔಟ್ (ಬಾಯಿಪಾಠ ತಡೆಯಲು ತರಬೇತಿಯಲ್ಲಿ ನೆಟ್‌ವರ್ಕಿನ ಕೆಲವು ಭಾಗ ಆರಿಸುವ ತಂತ್ರ) ಏರಿಸಿ ಸರಿಪಡಿಸಲಾಗದು, ಏಕೆಂದರೆ ಪರೀಕ್ಷೆಯೇ ಕೆಟ್ಟಿರುತ್ತದೆ.

ಹಾಗಾಗಿ ಹಂಚುವುದು ಲಾಟ್ ಲೆಕ್ಕದಲ್ಲಿ. ಪ್ರತಿ ಫೋಟೊ ಹೆಸರಿನಲ್ಲೂ ಲಾಟ್ ಸಂಖ್ಯೆ ಇರಲಿ. ಸೈಕಿಟ್-ಲರ್ನ್ ಎಂಬ ಪೈಥಾನ್ ಲೈಬ್ರರಿಯಲ್ಲಿರುವ ಸ್ಟ್ರ್ಯಾಟಿಫೈಡ್ ಗ್ರೂಪ್ ಕೆ-ಫೋಲ್ಡ್‌ಗೆ (ಗ್ರೂಪ್ ಒಡೆಯದೆ, ದರ್ಜೆಗಳ ಅನುಪಾತ ಕಾಯ್ದು ದತ್ತಾಂಶವನ್ನು ಫೋಲ್ಡ್ ಎಂಬ ಪಾಲುಗಳಾಗಿ ಹಂಚುವ ಸಾಧನ) ಆ ಸಂಖ್ಯೆಯನ್ನೇ ಗ್ರೂಪ್ ಆಗಿ ಕೊಡಿ. ನಮ್ಮ ಉದಾಹರಣೆಯಲ್ಲಿ 4 ಫೋಲ್ಡ್ ಸರಿಹೊಂದುತ್ತದೆ: ಒಂದೊಂದರಲ್ಲಿ 5 ರಾಶಿ, 2 ಬೆಟ್ಟೆ, 2 ಗೊರಬಲು, 1 ಸರಕು. ಎರಡು ಫೋಲ್ಡ್ ತರಬೇತಿಗೆ, ಒಂದು ವ್ಯಾಲಿಡೇಶನ್‌ಗೆ (ತರಬೇತಿಯ ನಡುವೆ ಹೊಂದಾಣಿಕೆ ನೋಡಲು), ಒಂದು ಪರೀಕ್ಷೆಗೆ, ಹೀಗೆ ನಾಲ್ಕು ಸುತ್ತು. ಸರಕು ನಾಲ್ಕೇ ಲಾಟ್ ಇರುವಾಗ 5 ಫೋಲ್ಡ್ ಕೇಳಿದರೆ ಒಂದು ಫೋಲ್ಡಿನಲ್ಲಿ ಸರಕೇ ಇರುವುದಿಲ್ಲ. ಒಬ್ಬರದೇ ತೋಟದಿಂದ ಹಲವು ಲಾಟ್ ಬಂದಿದ್ದರೆ ತೋಟವನ್ನೇ ಗ್ರೂಪ್ ಮಾಡುವುದು ಒಳ್ಳೆಯದು. ಚಿತ್ರ ತಿರುಗಿಸಿ, ಮಗುಚಿ ಸಂಖ್ಯೆ ಹೆಚ್ಚಿಸುವ ಆಗ್‌ಮೆಂಟೇಶನ್ ಹಂಚಿಕೆ ಆದ ಮೇಲೆ, ತರಬೇತಿ ಭಾಗಕ್ಕೆ ಮಾತ್ರ. ಅಡಿಕೆಗೆ ಮೇಲು-ಕೆಳಗು ಇಲ್ಲದ್ದರಿಂದ ಎಷ್ಟು ಡಿಗ್ರಿ ಬೇಕಾದರೂ ತಿರುಗಿಸಬಹುದು. ಬಣ್ಣದ ಛಾಯೆಯನ್ನು ಮಾತ್ರ ಹೆಚ್ಚು ಕದಲಿಸಬೇಡಿ. ಕೆಂಪಡಿಕೆಯಲ್ಲಿ ಬಣ್ಣವೂ ದರ್ಜೆಯ ಗುರುತು, ಅದನ್ನು ಅಳಿಸಿದರೆ ಕಲಿಯಬೇಕಾದುದನ್ನೇ ಅಳಿಸಿದಂತೆ.

ಇನ್ನೊಂದು ಸೋರಿಕೆ ಹಿನ್ನೆಲೆಯಿಂದ. ಸರಕನ್ನೆಲ್ಲ ನೀಲಿ ಟಾರ್ಪಾಲಿನ ಮೇಲೆ, ರಾಶಿಯನ್ನೆಲ್ಲ ಗೋಣಿಚೀಲದ ಮೇಲೆ ಹರಡಿ ಫೋಟೊ ತೆಗೆದಿದ್ದರೆ ಮಾಡೆಲ್ ಕಲಿಯುವುದು ಟಾರ್ಪಾಲನ್ನು. ಮಳೆಗಾಲದ ಮಬ್ಬು ಬೆಳಕಿನಲ್ಲಿ ಒಂದು ದರ್ಜೆ, ಬೇಸಿಗೆ ಬಿಸಿಲಿನಲ್ಲಿ ಇನ್ನೊಂದು ಎಂದಾದರೂ ಇದೇ ಕಥೆ. ಪರೀಕ್ಷಿಸುವುದು ಸುಲಭ: ಅಡಿಕೆ ಇರುವ ಭಾಗವನ್ನು ಬೂದು ಬಣ್ಣದಿಂದ ಮುಚ್ಚಿ, ಬರೀ ಹಿನ್ನೆಲೆಯ ಮೇಲೆ ತರಬೇತಿ ಕೊಟ್ಟು ನೋಡಿ. ಆಗಲೂ ಅಂಕ ಚೆನ್ನಾಗಿ ಬಂದರೆ ಫೋಟೊಗಳನ್ನು ಮತ್ತೆ ತೆಗೆಯಬೇಕು, ಬೇರೆ ದಾರಿ ಇಲ್ಲ. ನಾಲ್ಕೂ ದರ್ಜೆಗೆ ಒಂದೇ ಬಿಳಿ ಹಾಳೆ, ಒಂದೇ ಎತ್ತರ, ಫ್ಲ್ಯಾಶ್ ಬಂದ್ ಎಂದು ಮೊದಲೇ ನಿಗದಿ ಮಾಡಿಕೊಂಡವರಿಗೆ ಈ ಕಷ್ಟ ಬಹುಮಟ್ಟಿಗೆ ತಪ್ಪುತ್ತದೆ.

ನೆಟ್‌ವರ್ಕ್ ವಿಷಯ ಚುಟುಕಾಗಿ. ಇಷ್ಟು ಕಡಿಮೆ ದತ್ತಾಂಶಕ್ಕೆ, ಇಮೇಜ್‌ನೆಟ್ ಎಂಬ ದೊಡ್ಡ ಚಿತ್ರಸಂಗ್ರಹದ ಮೇಲೆ ಮೊದಲೇ ಕಲಿತ ರೆಸ್‌ನೆಟ್-18 ಎಂಬ ನೆಟ್‌ವರ್ಕ್ ಸಾಕು. ಅದರಲ್ಲಿ ಸುಮಾರು 1.17 ಕೋಟಿ ಪ್ಯಾರಾಮೀಟರ್ (ತರಬೇತಿಯಲ್ಲಿ ಕಲಿಯುವ ಸಂಖ್ಯೆಗಳು) ಇವೆ. ಇಮೇಜ್‌ನೆಟ್‌ನ 1000 ವರ್ಗಗಳಿಗಿದ್ದ ಕೊನೆಯ ಪದರವನ್ನು ತೆಗೆದು 4 ವರ್ಗದ ಪದರ ಹಾಕಿದರೆ ಹೊಸದಾಗಿ ಕಲಿಯಬೇಕಾದುದು 512×4+4, ಅಂದರೆ 2052 ಮಾತ್ರ. ಮೊದಲು ಉಳಿದದ್ದನ್ನು ಬದಲಾಗದಂತೆ ಫ್ರೀಜ್ ಮಾಡಿ, 0.001 ಲರ್ನಿಂಗ್ ರೇಟ್‌ನಲ್ಲಿ (ಪ್ರತಿ ಹೆಜ್ಜೆಯಲ್ಲಿ ಪ್ಯಾರಾಮೀಟರ್ ಎಷ್ಟು ಬದಲಾಗಬೇಕೆಂಬ ಅಳತೆ) ಇದನ್ನಷ್ಟೇ ಕಲಿಸಿ. ಆಮೇಲೆ ಕೊನೆಯ ಬ್ಲಾಕ್ ಬಿಚ್ಚಿ 0.00001ರ ಆಸುಪಾಸಿನಲ್ಲಿ ಮುಂದುವರಿಸಿ. ಪೈಟಾರ್ಚ್ ಲೈಬ್ರರಿಯಲ್ಲಿ ಬಹಳ ಜನ ಮುಗ್ಗರಿಸುವ ಜಾಗ ಇಲ್ಲೇ ಇದೆ: ಗ್ರೇಡಿಯಂಟ್ (ಪ್ಯಾರಾಮೀಟರ್ ಬದಲಿಸುವ ಲೆಕ್ಕ) ನಿಲ್ಲಿಸಿದರೂ ಮಾಡೆಲ್ ಟ್ರೇನ್ ಮೋಡ್‌ನಲ್ಲಿದ್ದರೆ ಒಳಗಿನ ಅಂಕಿಗಳನ್ನು ಒಂದು ಮಟ್ಟಕ್ಕೆ ತರುವ ಬ್ಯಾಚ್‌ನಾರ್ಮ್ ಪದರ ತನ್ನ ಸರಾಸರಿಗಳನ್ನು ಬದಲಿಸುತ್ತಲೇ ಇರುತ್ತದೆ. ಫ್ರೀಜ್ ಮಾಡಿದ ಬ್ಯಾಚ್‌ನಾರ್ಮ್ ಪದರಗಳನ್ನು ಪ್ರತಿ ಎಪಕ್ (ಇಡೀ ತರಬೇತಿ ದತ್ತಾಂಶದ ಒಂದು ಸುತ್ತು) ಶುರುವಿನಲ್ಲೂ ಇವ್ಯಾಲ್ ಮೋಡ್‌ಗೆ ಹಾಕಬೇಕು.

ಓಡಿಸುವ ಮುನ್ನ ಎರಡು ತಪಾಸಣೆ. ತರಬೇತಿ ಶುರುವಾಗುವ ಮೊದಲು, ದರ್ಜೆಗಳಿಗೆ ತೂಕ ಹಾಕದ ಕ್ರಾಸ್-ಎಂಟ್ರೊಪಿ ಲಾಸ್ (ಮಾಡೆಲಿನ ತಪ್ಪಿನ ಅಳತೆ) 4ರ ಸಹಜ ಲಾಗರಿದಮ್‌ಗೆ, ಅಂದರೆ 1.39ಕ್ಕೆ ಹತ್ತಿರ ಇರಬೇಕು. ತೀರಾ ದೂರವಿದ್ದರೆ ಲೇಬಲ್ ಅಥವಾ ಸಾಫ್ಟ್‌ಮ್ಯಾಕ್ಸ್ (ಮಾಡೆಲಿನ ಅಂಕಗಳನ್ನು ಸಂಭವನೀಯತೆಯಾಗಿಸುವ ಹಂತ) ಎಲ್ಲೋ ಎಡವಿದೆ. ಎರಡನೆಯದು, ಎಲ್ಲ ಪದರ ಬಿಚ್ಚಿ 16 ಫೋಟೊಗಳ ಒಂದೇ ಬ್ಯಾಚನ್ನು ಮತ್ತೆ ಮತ್ತೆ ಕಲಿಸಿ. ಲಾಸ್ ಸೊನ್ನೆಯತ್ತ ಇಳಿಯದಿದ್ದರೆ ಕೋಡ್‌ನಲ್ಲೇ ತಪ್ಪಿದೆ.

ನಿಖರತೆ ಒಂದನ್ನೇ ಬರೆದು ವರದಿ ಮುಗಿಸಬಾರದು. ನಮ್ಮ ಒಂದು ಫೋಲ್ಡಿನ 250 ಚಿತ್ರದಲ್ಲಿ 125 ರಾಶಿ. ಎಲ್ಲದಕ್ಕೂ ‘ರಾಶಿ’ ಎನ್ನುವ ಮಾಡೆಲ್‌ಗೂ ಶೇ 50 ನಿಖರತೆ ಸಿಗುತ್ತದೆ. ರಾಶಿಯ ಪ್ರಿಸಿಷನ್ (‘ರಾಶಿ’ ಎಂದದ್ದರಲ್ಲಿ ಸರಿಯಾದ ಪಾಲು) 0.5, ರೀಕಾಲ್ (ನಿಜವಾದ ರಾಶಿಯಲ್ಲಿ ಗುರುತು ಸಿಕ್ಕ ಪಾಲು) 1, ಹಾಗಾಗಿ ಎರಡನ್ನೂ ಸೇರಿಸಿ ಅಳೆಯುವ ಎಫ್1 0.67. ಉಳಿದ ಮೂರಕ್ಕೆ ಸೊನ್ನೆ. ನಾಲ್ಕರ ಸರಾಸರಿಯಾದ ಮ್ಯಾಕ್ರೊ ಎಫ್1 ಬರೀ 0.17. ಅಸಮತೋಲನಕ್ಕೆ ಲಾಸ್‌ನಲ್ಲಿ ತೂಕ ಕೊಡಿ: ಒಟ್ಟು ಚಿತ್ರಗಳನ್ನು ವರ್ಗಗಳ ಸಂಖ್ಯೆ ಮತ್ತು ಆ ವರ್ಗದ ಚಿತ್ರಗಳ ಗುಣಲಬ್ಧದಿಂದ ಭಾಗಿಸಿದರೆ ರಾಶಿಗೆ 0.5, ಬೆಟ್ಟೆ ಮತ್ತು ಗೊರಬಲಿಗೆ 1.25, ಸರಕಿಗೆ 2.5.

ಪರೀಕ್ಷಾ ಫೋಲ್ಡನ್ನು ನೋಡಿಕೊಂಡು ಲರ್ನಿಂಗ್ ರೇಟ್ ಬದಲಿಸಿದರೆ ಅದೂ ಸೋರಿಕೆಯೇ. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು’ ಎಂಬ ಮಾತು ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಹೊಂದಾಣಿಕೆಯೆಲ್ಲ ವ್ಯಾಲಿಡೇಶನ್ ಮೇಲೆ ನಡೆಯಲಿ.

ವರದಿಯಲ್ಲಿ ನಾಲ್ಕು ಫೋಲ್ಡಿನ ಅಂಕಗಳನ್ನೂ ಬಿಡಿಬಿಡಿಯಾಗಿ ಕೊಡಿ. ಜೊತೆಗೆ, ಲಾಟಿನ 25 ಫೋಟೊಗಳ ಬಹುಮತ ತೆಗೆದು ಲಾಟ್ ಮಟ್ಟದ ಕನ್‌ಫ್ಯೂಶನ್ ಮ್ಯಾಟ್ರಿಕ್ಸ್ (ಯಾವ ದರ್ಜೆಯನ್ನು ಮಾಡೆಲ್ ಯಾವುದೆಂದು ಹೇಳಿತು ಎಂಬ ಕೋಷ್ಟಕ) ಬರೆಯಿರಿ. ಆಗ ದತ್ತಾಂಶದ ನಿಜವಾದ ಬಡತನ ಕಾಣುತ್ತದೆ: ಸರಕಿನ ನಾಲ್ಕು ಲಾಟಿನಲ್ಲಿ ಒಂದು ತಪ್ಪಿದರೂ ರೀಕಾಲ್ 1ರಿಂದ 0.75ಕ್ಕೆ ಬೀಳುತ್ತದೆ. ಅಂಥಲ್ಲಿ ರೆಸ್‌ನೆಟ್-50ಕ್ಕೆ ಹೋಗುವ ಮೊದಲು ಮಂಡಿಗೆ ಹೋಗಿ, ಇನ್ನೂ ಆರು ಸರಕಿನ ಲಾಟ್ ಫೋಟೊ ತೆಗೆದು ತನ್ನಿ.