ತುಕ್ಕು ಹಿಡಿಯುವ ಮೊಳೆ ಯಾಕೆ ಬಿಸಿಯಾಗುವುದಿಲ್ಲ?

ಎಪಾಕ್ಸಿ ಅಂಟು ನೋಡಿದ್ದೀರಲ್ವಾ? ರಾಳ ಒಂದು ಡಬ್ಬದಲ್ಲಿ, ಅದನ್ನು ಗಟ್ಟಿ ಮಾಡುವ ದ್ರವ ಇನ್ನೊಂದರಲ್ಲಿ. ಎರಡನ್ನೂ ಕಲೆಸಿ ಹಚ್ಚಬೇಕು. ಪ್ರಯೋಗಾಲಯಕ್ಕೆ ಸೇರಿದ ಹೊಸತರಲ್ಲಿ, ಪದೇ ಪದೇ ಕಲೆಸುವ ಕಾಟ ಯಾಕೆ ಅಂತ ದೊಡ್ಡ ಪ್ಲಾಸ್ಟಿಕ್ ಲೋಟದ ತುಂಬ ಒಂದೇ ಸಲ ಕಲೆಸಿಟ್ಟೆ. ಅಷ್ಟರಲ್ಲಿ ಫೋನ್ ಬಂತು. ಮಾತಾಡಿ ಬಂದು ನೋಡಿದರೆ ಲೋಟ ಸೊಟ್ಟಗಾಗಿದೆ, ಒಳಗಿಂದ ಹೊಗೆ ಏಳುತ್ತಿದೆ! ಅದೇ ಲೋಟದಿಂದ ಸ್ವಲ್ಪ ತೆಗೆದು ಹಲಗೆ ಮೇಲೆ ತೆಳ್ಳಗೆ ಬಳಿದಿದ್ದೆ. ಆ ಹಲಗೆ ಬೆಚ್ಚಗೂ ಆಗಿರಲಿಲ್ಲ.

ಒಂದೇ ಅಂಟು, ಒಂದೇ ಕ್ರಿಯೆ. ಒಂದು ಗ್ರಾಂ ಅಂಟು ಗಟ್ಟಿಯಾದರೆ ಹುಟ್ಟುವ ಶಾಖವೂ ಎರಡೂ ಕಡೆ ಒಂದೇ. ಹಲಗೆ ಮೇಲಿನದು ತನ್ನ ಶಾಖವನ್ನು ಗಾಳಿಗೂ ಮರಕ್ಕೂ ಕೊಟ್ಟು ಸುಮ್ಮನಾಯಿತು. ಲೋಟದ ನಡುವೆ ಹುಟ್ಟಿದ ಶಾಖಕ್ಕೆ ದಾರಿ ಇರಲಿಲ್ಲ. ಅಲ್ಲೇ ಕೂತು ಬಿಸಿ ಏರಿಸಿತು. ಬಿಸಿ ಏರಿದಂತೆ ಕ್ರಿಯೆ ಜೋರಾಯಿತು, ಕ್ರಿಯೆ ಜೋರಾದಂತೆ ಬಿಸಿ ಇನ್ನೂ ಏರಿತು. ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಹೆಚ್ಚುಕಮ್ಮಿ ಇಮ್ಮಡಿ ಅನ್ನುವುದು ನಮ್ಮ ಕೆಲಸದಲ್ಲಿ ಓಡುವ ಒಂದು ಒರಟು ಲೆಕ್ಕ.

ಈ ಶಾಖ ಬರುವುದಾದರೂ ಎಲ್ಲಿಂದ? 'ಬಂಧ ಮುರಿದಾಗ ಶಕ್ತಿ ಹೊರಬರುತ್ತದೆ' ಅಂತ ತುಂಬಾ ಜನ ಹೇಳುತ್ತಾರೆ. ಅದು ತಲೆಕೆಳಗಾದ ಮಾತು. ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಬಿಡಿಸಲು ಬಲ ಹಾಕಬೇಕು. ಹತ್ತಿರ ತಂದರೆ ತಾವೇ ಟಕ್ ಅಂತ ಕೂಡಿಕೊಳ್ಳುತ್ತವೆ. ಪರಮಾಣುಗಳೂ ಹಾಗೇ. ಬಿಡಿಸಲು ಶಕ್ತಿ ಕೊಡಬೇಕು, ಕೂಡಿಕೊಂಡಾಗ ಅದು ವಾಪಸ್ ಬರುತ್ತದೆ. ಕೊಟ್ಟದ್ದಕ್ಕಿಂತ ಬಂದದ್ದು ಜಾಸ್ತಿಯಾದರೆ ಬಹಿರುಷ್ಣಕ ಕ್ರಿಯೆ, ಕಮ್ಮಿಯಾದರೆ ಅಂತರುಷ್ಣಕ. 16 ಗ್ರಾಂ ಮೀಥೇನ್ ಉರಿದರೆ ಸುಮಾರು 890 ಕಿಲೋಜೂಲ್ ಉಳಿತಾಯ.

ಈಗ ಮೊಳೆಗೆ ಬರೋಣ. ಕಬ್ಬಿಣ ತುಕ್ಕು ಹಿಡಿಯುವುದೂ ಒಂದು ರೀತಿಯ ಉರಿಯುವಿಕೆಯೇ, ಆಮ್ಲಜನಕದ ಜೊತೆ ಕೂಡಿಕೊಳ್ಳುವುದು. 10 ಗ್ರಾಂ ತೂಕದ ಮೊಳೆ ಪೂರ್ತಿ ತುಕ್ಕಾದರೆ ಹೊರಬರುವ ಶಾಖ 70 ಕಿಲೋಜೂಲ್‌ಗೂ ಮೇಲೆ. ಒಂದು ಲೋಟ ತಣ್ಣೀರು ಕುದಿಯಲು ಅಷ್ಟು ಸಾಕು! ನಂಬುವುದು ಕಷ್ಟ, ಅಲ್ವಾ? ಆದರೆ ಮೊಳೆ ಅದನ್ನು ವರ್ಷಗಟ್ಟಲೆ ಚೂರುಚೂರಾಗಿ ಬಿಟ್ಟುಕೊಡುತ್ತದೆ. ಹಾಗಾಗಿ ಯಾರ ಕೈಗೂ ಗೊತ್ತಾಗುವುದಿಲ್ಲ. ಅದೇ ಕಬ್ಬಿಣವನ್ನು ನುಣ್ಣಗೆ ಪುಡಿ ಮಾಡಿ, ಉಪ್ಪು, ನೀರು, ಇದ್ದಿಲ ಪುಡಿ ಸೇರಿಸಿ ಗಾಳಿಯಾಡುವ ಚೀಲದಲ್ಲಿ ತುಂಬಿದರೆ ಕೈ ಬೆಚ್ಚಗಿಡುವ ಪೊಟ್ಟಣ ಆಯಿತು. ವರ್ಷಗಳ ತುಕ್ಕನ್ನು ಕೆಲವೇ ಗಂಟೆಗೆ ಇಳಿಸಿದ್ದಾರೆ, ಅಷ್ಟೇ.

ಕಟ್ಟಿಕೊಂಡ ಪೈಪಿಗೆ ಸುರಿಯುವ ಕಾಸ್ಟಿಕ್ ಸೋಡಾ ಇಷ್ಟು ಸಾಧು ಅಲ್ಲ. 40 ಗ್ರಾಂ ಹರಳು ನೀರಲ್ಲಿ ಕರಗಿದರೆ ಸುಮಾರು 44 ಕಿಲೋಜೂಲ್ ಬಿಡುತ್ತದೆ. ಒಂದು ಲೀಟರ್ ನೀರಿಗೆ ಹಾಕಿದರೆ ಉಷ್ಣತೆ 10 ಡಿಗ್ರಿಯಷ್ಟು ಏರುತ್ತದೆ. 100 ಮಿಲಿಲೀಟರ್‌ಗೆ ಹಾಕಿದರೆ ಕುದಿಯುವ ಹತ್ತಿರ ಹೋಗುತ್ತದೆ. ಹರಳಿನ ಮೇಲೆ ಸ್ವಲ್ಪವೇ ನೀರು ಚಿಮುಕಿಸಿದರಂತೂ ಸಿಡಿದು ಕಣ್ಣಿಗೇ ಬಂದೀತು. ಗಂಧಕಾಮ್ಲವನ್ನು ಯಾವಾಗಲೂ ನೀರಿಗೆ ಹಾಕು, ನೀರನ್ನು ಅದಕ್ಕೆ ಹಾಕಬೇಡ ಅನ್ನುವುದೂ ಇದಕ್ಕೇ. ಆಮ್ಲ ನೀರಿಗಿಂತ ಭಾರ. ಮೇಲೆ ಸುರಿದ ನೀರು ತೆಳ್ಳಗೆ ಪದರವಾಗಿ ನಿಂತು, ಶಾಖವೆಲ್ಲ ಆ ಪದರಕ್ಕೇ ಬಡಿದು, ಕುದ್ದು ಎಗರುತ್ತದೆ. ನೀರು ಕೆಳಗೆ ಜಾಸ್ತಿ ಇದ್ದರೆ ಶಾಖವನ್ನು ಅದೇ ನುಂಗಿಕೊಳ್ಳುತ್ತದೆ.

ತಣ್ಣಗಾಗುವ ಕ್ರಿಯೆಗಳೂ ಇವೆ. ವಿನೆಗರ್‌ಗೆ ಅಡುಗೆ ಸೋಡಾ ಹಾಕಿ ಥರ್ಮಾಮೀಟರ್ ಇಡಿ. ನೊರೆ ಉಕ್ಕುತ್ತಿರುವಾಗಲೇ ಪಾದರಸ ಕೆಳಗಿಳಿಯುತ್ತದೆ. ಪೆಟ್ಟು ಬಿದ್ದ ಕಡೆ ಇಡುವ ದಿಢೀರ್ ಕೋಲ್ಡ್ ಪ್ಯಾಕ್‌ನಲ್ಲಿ ಅಮೋನಿಯಂ ನೈಟ್ರೇಟ್ ಅಥವಾ ಯೂರಿಯಾ ನೀರಲ್ಲಿ ಕರಗುತ್ತದೆ. (ಕರಗುವುದನ್ನು ರಾಸಾಯನಿಕ ಕ್ರಿಯೆ ಅನ್ನಬಹುದಾ ಅನ್ನುವ ಜಗಳ ನಮ್ಮವರಲ್ಲಿ ಇನ್ನೂ ಮುಗಿದಿಲ್ಲ.) ಶಕ್ತಿ ಕೈಯಿಂದ ಹೋಗುತ್ತಿದ್ದರೂ ಇವು ಯಾಕೆ ತಾವಾಗಿಯೇ ನಡೆಯುತ್ತವೆ? ಹರಳಲ್ಲಿ ಸಾಲಾಗಿ ಕೂತಿದ್ದ ಕಣಗಳು ನೀರಿನ ತುಂಬ ಚದುರುತ್ತವೆ. ಸೋಡಾದಲ್ಲಿ ಸಿಕ್ಕಿಕೊಂಡಿದ್ದ ಅನಿಲ ಗಾಳಿಗೆ ಹಾರುತ್ತದೆ. ಹೀಗೆ ಹರಡಿಕೊಳ್ಳುವ ಒಲವಿಗೆ ಸುತ್ತಲಿನ ಶಾಖವನ್ನೇ ಖರ್ಚು ಮಾಡಿಕೊಳ್ಳುತ್ತವೆ. ಕಾರ್ಖಾನೆಯಲ್ಲಿ ನನಗೆ ಇವು ತಲೆನೋವು ಕೊಟ್ಟದ್ದು ಕಮ್ಮಿ. ತಣ್ಣಗಾದಂತೆ ಕ್ರಿಯೆ ತಾನೇ ನಿಧಾನವಾಗುತ್ತದೆ.

ತಲೆನೋವು ಶುರುವಾಗುವುದು ಪಾತ್ರೆ ದೊಡ್ಡದಾದಾಗ. ಉದ್ದ, ಅಗಲ, ಎತ್ತರ ಎಲ್ಲ ಇಮ್ಮಡಿ ಮಾಡಿದರೆ ಒಳಗಿನ ಸಾಮಾನು 8 ಪಟ್ಟು, ಶಾಖ ಹೊರಹೋಗುವ ಮೈ ಬರೀ 4 ಪಟ್ಟು. ಬೀಕರ್‌ನಲ್ಲಿ ಮುದ್ದಾಗಿ ನಡೆದ ಕ್ರಿಯೆ ಟ್ಯಾಂಕಿನಲ್ಲಿ ಹುಚ್ಚೆದ್ದು ಕುಣಿಯುವುದು ಹೀಗೆ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವಾಗಲೂ ಶಾಖ ಬಿಡುತ್ತದೆ. ಗೋಡೆಗೆ ಅದು ಲೆಕ್ಕಕ್ಕಿಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಹೂವರ್ ಅಣೆಕಟ್ಟು ಕಟ್ಟುವಾಗ ಮಾತ್ರ ಕಾಂಕ್ರೀಟನ್ನು ಬಿಡಿ ಬಿಡಿ ದಿಮ್ಮಿಗಳಾಗಿ ಸುರಿದು, ಒಳಗೆ ಉಕ್ಕಿನ ಕೊಳವೆ ಹಾಯಿಸಿ ತಣ್ಣೀರು ಹರಿಸಬೇಕಾಯಿತು. ಇಲ್ಲದಿದ್ದರೆ ಅಷ್ಟು ದಪ್ಪದ ಕಾಂಕ್ರೀಟ್ ತಣಿಯಲು ಎಷ್ಟೋ ದಶಕ ಹಿಡಿದು, ಬಿರುಕು ಬಿಡುತ್ತಿತ್ತು.

ಮನೆಯಲ್ಲಿ ನಾನು ಹೆದರುವುದು ಅಗಸೆ ಎಣ್ಣೆ ಒರೆಸಿದ ಬಟ್ಟೆಗೆ. ಮರದ ಸಾಮಾನಿಗೆ ಹಚ್ಚುವ ಈ ಎಣ್ಣೆ ಒಣಗುವುದೆಂದರೆ ನೀರು ಆರಿದ ಹಾಗಲ್ಲ, ಗಾಳಿಯ ಆಮ್ಲಜನಕದ ಜೊತೆ ಕೂಡಿ ಗಟ್ಟಿಯಾಗುವುದು. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಲೋಟದ ಎಪಾಕ್ಸಿಯ ಕಥೆಯೇ. ಕೆಲವು ಗಂಟೆಗಳಲ್ಲಿ, ಯಾರೂ ಕಡ್ಡಿ ಗೀರದೆ, ತಾನಾಗಿ ಹೊತ್ತಿಕೊಳ್ಳಬಹುದು. ನಾನು ಅದನ್ನು ಹೊರಗೆ ತಂತಿ ಮೇಲೆ ಒಂಟಿ ಪದರವಾಗಿ ಹರವುತ್ತೇನೆ. ಪೂರ್ತಿ ಬಿರುಸಾದ ಮೇಲೆಯೇ ಕಸಕ್ಕೆ. ಹರವಲು ಜಾಗ ಇಲ್ಲದ ದಿನ ತಗಡಿನ ಡಬ್ಬದಲ್ಲಿ ನೀರು ತುಂಬಿ, ಬಟ್ಟೆ ಮುಳುಗಿಸಿ, ಮುಚ್ಚಳ ಹಾಕಿಡುತ್ತೇನೆ.