ಮಳೆ ಜಾಕೆಟ್ಟಿನ ಒಳಪಟ್ಟಿ

ಆರಿದ್ರ ಮಳೆಯಲ್ಲಿ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಬೈಕಿನಲ್ಲಿ ಬಂದು ಜಾಕೆಟ್ಟು ಬಿಚ್ಚಿದಾಗ, ಅಂಗಿಯ ಎರಡೂ ಭುಜಗಳುದ್ದಕ್ಕೆ, ಅಳತೆಗೋಲಿಟ್ಟು ಎಳೆದಂತೆ ಎರಡು ಒದ್ದೆ ಗೆರೆಗಳು ಮೂಡಿದ್ದವು. ಉಳಿದ ಅಂಗಿ ಒಣಗಿಯೇ ಇತ್ತು. ಜಾಕೆಟ್ಟನ್ನು ಒಳಹೊರಗು ಮಾಡಿ ನೋಡಿದರೆ, ಹೊಲಿಗೆಯ ಮೇಲೆ ಅಂಟಿಸಿದ್ದ ಎರಡು ಸೆಂಟಿಮೀಟರ್ ಅಗಲದ ತೆಳುವಾದ ಪಟ್ಟಿ, ಒಣಗಿದ ಬಾಳೆಪಟ್ಟೆಯ ಹಾಗೆ ಸುರುಳಿ ಸುತ್ತಿಕೊಂಡು ಎದ್ದಿತ್ತು. ‘ಈ ಸಲದ ಮಳೆಗೆ ಅಂಟು ಎಲ್ಲಿ ನಿಲ್ಲುತ್ತದೆ’ ಎಂದು ಮನೆಯಲ್ಲೂ ಅಂದರು, ಅಂಗಡಿಯಲ್ಲೂ ಅಂದರು. ನನ್ನ ತಕರಾರು ಈ ಮಾತಿನ ಬಗ್ಗೆಯೇ. ಆ ಪಟ್ಟಿಯನ್ನು ಬಿಡಿಸಿದ್ದು ಜೂನ್ ತಿಂಗಳ ಮಳೆಯಲ್ಲ. ಹಿಂದಿನ ಅಕ್ಟೋಬರಿನಲ್ಲಿ ಅರೆ ಒಣಗಿದ್ದಾಗಲೇ ಮಡಚಿ, ಪ್ಲಾಸ್ಟಿಕ್ ಕವರಿಗೆ ತುರುಕಿ, ಗಂಟು ಹಾಕಿ ಬೀರುವಿನಲ್ಲಿಟ್ಟ ನಾನೇ ಅದಕ್ಕೆ ಕಾರಣ.

ನಮ್ಮ ಹಿರಿಯರ ಮಳೆಗಾಲದ ಉಡುಪಿಗೆ ಈ ತೊಂದರೆ ಇರಲಿಲ್ಲ. ನಾಟಿ ಗದ್ದೆಯಲ್ಲಿ ಬಗ್ಗಿ ನಿಂತವರ ಬೆನ್ನ ಮೇಲಿನ ಗೊರಬೆಯಲ್ಲಿ ಬಿದಿರಿನ ಸೀಳು ಮತ್ತು ಎಲೆ ಇದ್ದವೇ ಹೊರತು ಸೂಜಿಯ ಕೆಲಸವಿರಲಿಲ್ಲ. ಕಂಬಳಿಕೊಪ್ಪೆ ಬರಿಯ ಮಡಿಕೆಯಿಂದಲೇ ಆಗುತ್ತಿತ್ತು. ಸೂಜಿ ಬಂದಲ್ಲಿ ತೂತು ಬರುತ್ತದೆ. ಸಾಮಾನ್ಯ ಹೊಲಿಗೆಯಲ್ಲಿ ಸೆಂಟಿಮೀಟರಿಗೆ ಮೂರು ನಾಲ್ಕು ತೂತುಗಳಿದ್ದರೆ, ಒಂದು ಗೇಣು ಹೊಲಿಗೆಯಲ್ಲಿ ಅರವತ್ತು ಎಪ್ಪತ್ತು ತೂತುಗಳಾದವು. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್, ಕಲ್ಲಿದ್ದಲ ಡಾಂಬರಿನಿಂದ ಬರುವ ನ್ಯಾಫ್ತಾ ಎಣ್ಣೆಯಲ್ಲಿ ರಬ್ಬರನ್ನು ಕರಗಿಸಿ, ಎರಡು ಬಟ್ಟೆಗಳ ನಡುವೆ ಸವರಿ ನೀರು ನಿಲ್ಲಿಸುವ ಬಟ್ಟೆಗೆ ಪೇಟೆಂಟ್ ಪಡೆದಾಗ ಎದುರಾದ ತಲೆನೋವುಗಳಲ್ಲಿ ಇದೂ ಒಂದು: ಬಟ್ಟೆ ಸೋರುತ್ತಿರಲಿಲ್ಲ, ದರ್ಜಿಗಳು ಹೊಲಿದ ಕೋಟು ಸೋರುತ್ತಿತ್ತು. ಇನ್ನೂರು ವರ್ಷಗಳಾದರೂ ಜಗಳ ಅದೇ ಜಾಗದಲ್ಲಿದೆ.

ಅರ್ಧ ಮಿಲಿಮೀಟರಿನ ತೂತು ಅಷ್ಟೊಂದು ನೀರು ಬಿಡುತ್ತದೆಯೇ ಎಂದು ಕೇಳಬಹುದು. ನೀರಿನ ಮೇಲ್ಮೈ ಎಳೆತದ ದೆಸೆಯಿಂದ, ನೀರನ್ನು ಪೂರ್ತಿ ದೂರವಿಡುವ ಬಟ್ಟೆಯಲ್ಲಿ ಅಂಥ ತೂತು ಹೆಚ್ಚೆಂದರೆ ಆರು ಸೆಂಟಿಮೀಟರ್ ಎತ್ತರದ ನೀರಿನ ಒತ್ತಡವನ್ನು ತಡೆದೀತು. ನಿಜವಾದ ಬಟ್ಟೆಯಲ್ಲಿ ಅದರ ಅರ್ಧವೂ ಸಿಗುವುದಿಲ್ಲ. ಅರುವತ್ತು ಕಿಲೋಮೀಟರ್ ವೇಗದಲ್ಲಿ ಬೈಕು ಓಡಿಸುವಾಗ ಎದುರುಗಾಳಿಯೊಂದೇ ಒಂದೂವರೆ ಸೆಂಟಿಮೀಟರಿಗೂ ಮೇಲ್ಪಟ್ಟು ನೀರಿನ ಒತ್ತಡಕ್ಕೆ ಸಮವಾಗುತ್ತದೆ, ಹನಿಗಳ ಹೊಡೆತ ಬೇರೆ. ಇದಕ್ಕಿಂತ ದೊಡ್ಡ ದ್ರೋಹಿ ದಾರ. ದೀಪದ ಬತ್ತಿ ಎಣ್ಣೆಯನ್ನು ಎಳೆಯುವಂತೆ ಒದ್ದೆ ದಾರ ನೀರನ್ನು ಹೊರಗಿನಿಂದ ಒಳಕ್ಕೆ ಎಳೆಯುತ್ತಲೇ ಇರುತ್ತದೆ. ಒಳಪಟ್ಟಿ ಇರುವುದು ತೂತು ಮತ್ತು ದಾರ ಎರಡನ್ನೂ ಒಟ್ಟಿಗೆ ಮುಚ್ಚಲಿಕ್ಕೆ.

ಪಟ್ಟಿಯ ಅಂಟು ಸಾಮಾನ್ಯವಾಗಿ ಪಾಲಿಯುರಿಥೇನ್. ಅನೇಕ ಜಾಕೆಟ್ಟುಗಳ ಒಳಲೇಪವೂ ಅದೇ. 1937ರಲ್ಲಿ ಜರ್ಮನಿಯ ಓಟೊ ಬೇಯರ್ ಮತ್ತು ಸಂಗಡಿಗರ ಕೈಯಲ್ಲಿ ಹುಟ್ಟಿದ ಈ ವಸ್ತುವಿನ ಸರಪಳಿಯಲ್ಲಿ ಎಸ್ಟರ್ ಎಂಬ ಕೊಂಡಿಗಳಿದ್ದರೆ, ನೀರಿನ ಅಣು ನಿಧಾನವಾಗಿ ಆ ಕೊಂಡಿಗಳನ್ನು ಕಡಿಯುತ್ತದೆ. ಕಡಿದಾಗ ಆಮ್ಲ ಹುಟ್ಟುತ್ತದೆ, ಆ ಆಮ್ಲ ಮುಂದಿನ ಕೊಂಡಿ ಕಡಿಯುವುದನ್ನು ಚುರುಕುಗೊಳಿಸುತ್ತದೆ; ಹಾಲಿಗೆ ಬಿದ್ದ ಒಂದು ಚಮಚ ಹೆಪ್ಪಿನ ಹಾಗೆ, ಒಮ್ಮೆ ಶುರುವಾದರೆ ತಾನೇ ಬೆಳೆಯುವ ಕೆಲಸವಿದು. ಬೇಕಾದದ್ದು ತೇವ, ಬೆಚ್ಚಗಿನ ಮುಚ್ಚಿದ ಜಾಗ ಮತ್ತು ಕಾಲ. ಗಂಟು ಹಾಕಿದ ಕವರಿನಲ್ಲಿ ಮೂರೂ ಇದ್ದವು. ಮದುವೆಗೊಮ್ಮೆ ಹಾಕಿ ಜೋಪಾನವಾಗಿಟ್ಟ ಶೂಗಳ ಅಡಿ ಎರಡು ವರ್ಷದ ನಂತರ ರವೆಯಂತೆ ಉದುರುವುದೂ ಹೆಚ್ಚಿನ ವೇಳೆ ಇದೇ ಕಾರಣಕ್ಕೆ. ಅದಕ್ಕೆ ದೃಷ್ಟಿ ತೆಗೆಸಿದವರನ್ನು ನಾನು ಬಲ್ಲೆ. ಧ್ವನಿಮುದ್ರಣ ಕೇಂದ್ರಗಳಲ್ಲಿ 1970 ಮತ್ತು 80ರ ದಶಕಗಳ ಕೆಲವು ದೊಡ್ಡ ಸುರುಳಿ ಟೇಪುಗಳು ಜಿಗುಟಾಗಿ ಯಂತ್ರಕ್ಕೆ ಮೆತ್ತಿಕೊಳ್ಳುವುದಕ್ಕೂ ಇದನ್ನೇ ಕಾರಣವೆಂದು ಹೇಳುತ್ತಾರೆ. ಅವುಗಳನ್ನು ಸುಮಾರು 50 ಡಿಗ್ರಿ ಶಾಖದಲ್ಲಿ ತಾಸುಗಟ್ಟಲೆ ಇಟ್ಟು ತೇವ ತೆಗೆದು, ನುಡಿಸಲು ಬರುವ ಸ್ಥಿತಿಗೆ ತಂದು, ತರಾತುರಿಯಲ್ಲಿ ನಕಲು ಮಾಡಿಕೊಳ್ಳುತ್ತಾರೆ.

ಬೆವರಿನ ಜಿಡ್ಡು ಸೇರಿದರೆ ಸ್ಥಿತಿ ಇನ್ನೂ ಹದಗೆಡುತ್ತದೆ. ‘ಒಗೆದರೆ ವಾಟರ್‌ಪ್ರೂಫ್ ಹೋಗುತ್ತದೆ’ ಎಂದು ವರ್ಷಗಟ್ಟಲೆ ಒಗೆಯದೆ ಇಡುವವರು, ಕೊರಳಪಟ್ಟಿಯ ಹತ್ತಿರವೇ ಮೊದಲು ಪಟ್ಟಿ ಏಳುವುದನ್ನು ಗಮನಿಸಿಲ್ಲ.

ಇನ್ನು ರಿಪೇರಿ. ಹೆಚ್ಚಿನವರು ಮೊದಲು ಕೇಳುವುದು ‘ಯಾವ ಗಟ್ಟಿ ಅಂಟು ತರಲಿ’ ಎಂದು. ಇದು ತಪ್ಪು ಪ್ರಶ್ನೆ. ಅಣುಗಳ ನಡುವಿನ ಸೆಳೆತ ಕೆಲಸ ಮಾಡುವುದು ಒಂದು ನ್ಯಾನೊಮೀಟರಿಗೂ ಕಡಿಮೆ ದೂರದಲ್ಲಿ. ಬೆರಳು ತಾಗಿದಾಗ ಉಳಿಯುವ ಜಿಡ್ಡೇ ಅದರ ಎಷ್ಟೋ ಪಟ್ಟು ದಪ್ಪ. ಅಂಟು ಮೊದಲು ಮೇಲ್ಮೈಯನ್ನು ನೆನೆಸಬೇಕು, ಅಂದರೆ ಅದರ ಮೇಲೆ ಹರಡಿ ಪ್ರತಿಯೊಂದು ಉಬ್ಬುತಗ್ಗಿಗೂ ಇಳಿಯಬೇಕು. ಕೆಸುವಿನ ಎಲೆಯ ಮೇಲೆ ನೀರು ಗುಂಡಾಗಿ ಉರುಳಿ ಬೀಳುವುದು, ನೀರಿನ ತಪ್ಪಿನಿಂದಲ್ಲ. ಎಣ್ಣೆ ಜಾಸ್ತಿಯಾದ ಕಾವಲಿಯಲ್ಲಿ ದೋಸೆ ಹಿಟ್ಟು ಸೌಟಿನ ಹಿಂದೆಯೇ ಎದ್ದು ಬರುತ್ತದೆ. ಪಾಚಿ ಕೆರೆಯದ ಗೋಡೆಗೆ ಬಳಿದ ಸುಣ್ಣ ಮೊದಲ ಮಳೆಗೇ ಹಕ್ಕಳೆಯಾಗಿ ಉದುರುತ್ತದೆ. ಇದನ್ನು ನಮ್ಮಲ್ಲಿ ಸರಿಯಾಗಿ ತಿಳಿದವರೆಂದರೆ ಪಂಕ್ಚರ್ ಹಾಕುವವರು. ಟ್ಯೂಬನ್ನು ಒರೆಸಿ, ಉಪ್ಪುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಅದು ಆರುವ ತನಕ ಕಾದು, ಆಮೇಲೆ ತುಂಡು ಒತ್ತುತ್ತಾರೆ. ಅವರ ಕೆಲಸದ ಬಹುಪಾಲು ಅಂಟಿಸುವುದಕ್ಕೆ ಮೊದಲೇ ಮುಗಿದಿರುತ್ತದೆ.

ಕ್ಷಣದಲ್ಲಿ ಹಿಡಿಯುವ ಸಣ್ಣ ಟ್ಯೂಬಿನ ಅಂಟು ಇಲ್ಲಿ ಬೇಡವೇ ಬೇಡ. ಅದು ಗಾಜಿನಂತೆ ಪೆಡಸಾಗಿ, ಭುಜ ಆಡಿದ ಕೂಡಲೇ ಬಿರಿಯುತ್ತದೆ. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಕೈ ಸುಡುವಷ್ಟು ಬಿಸಿಯೂ ಏರುತ್ತದೆ.

ಮೊದಲು ನೋಡಬೇಕಾದ್ದು, ಬಟ್ಟೆಯ ಲೇಪವೇ ಹಕ್ಕಳೆ ಏಳುತ್ತಿದೆಯೇ ಎಂದು. ಎದ್ದಿದ್ದರೆ ಜಾಕೆಟ್ಟಿನ ಆಸೆ ಬಿಡುವುದು ಒಳ್ಳೆಯದು. ಲೇಪ ಗಟ್ಟಿಯಾಗಿದ್ದು ಪಟ್ಟಿ ಮಾತ್ರ ಎದ್ದಿದ್ದರೆ, ಜಾಕೆಟ್ಟನ್ನು ಒಗೆದು ಪೂರ್ತಿ ಒಣಗಿಸಿ, ಎದ್ದ ಜಾಗವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಬೇಕು. ಮೊಬೈಲ್ ರಿಪೇರಿ ಅಂಗಡಿಯವರ ಬಳಿ ಇದು ಇರುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಲೇಪವನ್ನೇ ಕೆಡಿಸೀತು. ಪಟ್ಟಿಯ ಅಂಟು ಅರಗಿನ ಜಾತಿಯದು, ಕಾಯಿಸಿದರೆ ಮೆತ್ತಗಾಗಿ ಆರಿದರೆ ಹಿಡಿಯುತ್ತದೆ. ಹೀಗಾಗಿ ತೆಳು ಹತ್ತಿಬಟ್ಟೆ ಹಾಸಿ, ಒಂದು ಚುಕ್ಕೆಯ ಗುರುತಿಗೆ, ಅಂದರೆ 110 ಡಿಗ್ರಿಗೆ ಮೀರದಂತೆ ಇಸ್ತ್ರಿ ಪೆಟ್ಟಿಗೆಯನ್ನಿಟ್ಟು, ಎಳೆಯದೆ ಐದಾರು ಸೆಕೆಂಡು ಒತ್ತಿ, ತಣಿಯುವ ತನಕ ಭಾರವಾದ ಪುಸ್ತಕ ಹೇರಬೇಕು. ಪೇಟೆಯಲ್ಲಿ ಸಿಗುವ ದಪ್ಪ ಪಿವಿಸಿ ರೇನ್‌ಕೋಟಿಗೆ ಈ ಉಪಾಯ ಸಲ್ಲದು, ಅದು ಇಸ್ತ್ರಿಗೇ ಅಂಟಿಕೊಳ್ಳುತ್ತದೆ.

ಅಂಟೇ ಸತ್ತಿದ್ದರೆ ಪಟ್ಟಿಯನ್ನು ಪೂರ್ತಿ ಕಿತ್ತು, ಉಳಿದ ಜಿಗುಟನ್ನು ಹೆಬ್ಬೆರಳಿನಿಂದ ಉರುಳಿಸಿ ತೆಗೆದು, ಹೊಲಿಗೆಯ ಮೇಲೆ ದ್ರವರೂಪದ ಯುರಿಥೇನ್ ಸೀಲರನ್ನು ತೆಳ್ಳಗೆ ಸವರಬೇಕು. ಸಿಲಿಕೋನ್ ಲೇಪದ ಬಟ್ಟೆಯಾದರೆ ಸಿಲಿಕೋನ್ ಸೀಲರೇ ಬೇಕು, ಬೇರೆ ಯಾವುದೂ ಹಿಡಿಯದು. ತಮಾಷೆಯೆಂದರೆ, ಈ ಯುರಿಥೇನ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿಕೊಂಡು. ಹಳೆಯ ಅಂಟನ್ನು ಕಡಿದ ನೀರೇ ಹೊಸ ಅಂಟಿನ ಕೊಂಡಿ ಹೆಣೆಯುತ್ತದೆ, ಆದ್ದರಿಂದ ನಮ್ಮ ಜುಲೈ ತಿಂಗಳ ಗಾಳಿ ಇದಕ್ಕೆ ಶತ್ರುವಲ್ಲ. ದಪ್ಪಗೆ ಬಳಿದರೆ ಮಾತ್ರ, ಆ ಕ್ರಿಯೆಯಲ್ಲಿ ಹುಟ್ಟುವ ಇಂಗಾಲದ ಡೈಆಕ್ಸೈಡ್ ಒಳಗೇ ಸಿಕ್ಕಿ ಗುಳ್ಳೆಗಳಾಗುತ್ತವೆ. ತೆರೆದ ಟ್ಯೂಬಿನಲ್ಲಿ ಉಳಿದದ್ದೂ ಇದೇ ಕಾರಣಕ್ಕೆ ಕಲ್ಲಾಗುವುದರಿಂದ, ನಮ್ಮ ಮನೆಯ ಫ್ರಿಜ್ಜಿನಲ್ಲಿ ಅದು ಡಬ್ಬಿಯೊಳಗೆ ಕುಳಿತು ಎಲ್ಲರಿಂದ ಬೈಗುಳ ತಿನ್ನುತ್ತಿದೆ.

ಒಂದು ಹಗಲು ಒಂದು ರಾತ್ರಿ ಬಿಟ್ಟು, ಭುಜದ ಹೊಲಿಗೆಯನ್ನು ಬೋಗುಣಿಯ ಬಾಯಿಗೆ ಜೋಲಿಯಂತೆ ಹಿಡಿದು, ಮೇಲೆ ಒಂದು ಚೊಂಬು ನೀರು ನಿಲ್ಲಿಸಿ, ಕೆಳಗೆ ಹಳೆಯ ದಿನಪತ್ರಿಕೆಯ ಹಾಳೆ ಹಾಸಿದೆ. ಹತ್ತು ನಿಮಿಷವಾದರೂ ಬಲಭುಜದ ಕೆಳಗಿನ ಹಾಳೆ ಒಣಗಿಯೇ ಇತ್ತು. ಎಡಭುಜದಲ್ಲಿ, ತೋಳು ಮತ್ತು ಕೊರಳಿನ ಹೊಲಿಗೆಗಳು ಬಂದು ಕೂಡುವ ಮೂಲೆಯಲ್ಲಿ, ನಾನು ಬ್ರಷ್ಷು ಸರಿಯಾಗಿ ತಾಗಿಸದ ಜಾಗದಿಂದ, ಹಾಳೆಯ ಮೇಲೆ ರಾಗಿಕಾಳಿನಷ್ಟು ದೊಡ್ಡ ಒದ್ದೆ ಚುಕ್ಕೆಯೊಂದು ಮೂಡಿತು. ಫ್ರಿಜ್ಜಿನಿಂದ ಟ್ಯೂಬನ್ನು ಮತ್ತೆ ಹೊರಗೆ ತೆಗೆದೆ.