ಮನೆ ವರ್ಕ್‌ಶಾಪ್‌ಗೆ ಹಳೇ ಲೇಥ್ ತಗೊಳ್ಳಲಾ, ಹೊಸ ಮಿನಿ ಲೇಥಾ?

ಪ್ರಶ್ನೆ: ಮನೆಯ ಗ್ಯಾರೇಜಿನಲ್ಲಿ ಸಣ್ಣ ವರ್ಕ್‌ಶಾಪ್ ಮಾಡಿಕೊಳ್ಳಬೇಕು ಅಂತ ಆಸೆ. ಸ್ಕೂಟರ್ ಬುಷ್, ಪುಟ್ಟ ಸ್ಟೀಮ್ ಎಂಜಿನ್ ಮಾಡೆಲ್ ಇಂಥದ್ದು ಮಾಡೋ ಹುಚ್ಚು. ದುಡ್ಡು ಜಾಸ್ತಿ ಇಲ್ಲ. ಯಾವ ಲೇಥ್ (ಲೋಹವನ್ನು ತಿರುಗಿಸಿ ಕಡಿಯುವ ಮಷೀನು) ತಗೊಳ್ಳಲಿ?

ಉತ್ತರ: ನಿಮ್ಮ ಗ್ಯಾರೇಜು ನೆಲಮಟ್ಟದಲ್ಲಿದ್ದು, ನೆಲ ಗಟ್ಟಿ ಕಾಂಕ್ರೀಟಾಗಿದ್ದರೆ, ನಾಲ್ಕೂವರೆ ಅಡಿಯ ಹಳೇ ಲೇಥ್ ಹುಡುಕಿ. ಮೇಲಿನ ಮಹಡಿಯಾದರೆ ಮಿನಿ ಲೇಥೇ ಸರಿ. ಸುಮಾರು 40 ಕೆಜಿ ತೂಗುವ ಮಿನಿ ಲೇಥನ್ನು ಇಬ್ಬರು ಎತ್ತಿ ಟೇಬಲ್ ಮೇಲೆ ಇಡಬಹುದು. ಆದರೆ ಭಾರವೇ ಲೇಥಿನ ಬಲ. ಕಬ್ಬಿಣ ಕಡಿಯುವಾಗ ಹಗುರ ಮಷೀನು ನಡುಗುತ್ತದೆ, ಕೆಲಸದ ಮೇಲೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂಗೆ ಇಷ್ಟು ತೊಂದರೆ ಇಲ್ಲ.

ಹರಿಹರದ ಮೈಸೂರು ಕಿರ್ಲೋಸ್ಕರ್, ಜಾಲಹಳ್ಳಿಯ ಎಚ್‌ಎಂಟಿ ಲೇಥ್‌ಗಳ ಮೇಲೆ ನನಗೂ ಅಪಾರ ಪ್ರೀತಿ. ಆದರೆ ಅವು ಕಾರ್ಖಾನೆಯ ಮಷೀನುಗಳು, ಮನೆಗೆ ಜಾಸ್ತಿ ದೊಡ್ಡವು. ಮನೆಗೆ ಸರಿಹೋಗುವ ಸಣ್ಣ ಲೇಥ್‌ಗಳು ರಾಜ್‌ಕೋಟ್, ಬಟಾಲಾ ಕಡೆಯಿಂದ ಬಂದವು. ಸಣ್ಣ ಶೆಡ್‌ಗಳು ಮುಚ್ಚಿದಾಗ ಬೆಂಗಳೂರಿನ ಪೀಣ್ಯದಂಥ ಕಡೆ ಇವು ಮಾರಾಟಕ್ಕೆ ಬರುತ್ತವೆ.

ಹಳೇ ಲೇಥಿನಲ್ಲಿ ನೋಡಬೇಕಾದದ್ದು ಬಣ್ಣವಲ್ಲ, ಬೆಡ್, ಅಂದರೆ ಹಳಿಯಂಥ ಉದ್ದನೆಯ ತಳ. ನಾನು ಮೊದಲ ಲೇಥ್ ತಂದಾಗ ಹೊಸ ಹಸಿರು ಬಣ್ಣ ನೋಡಿ ಮರುಳಾದೆ. ಮನೆಗೆ ತಂದು 120 ಮಿ.ಮೀ. ಉದ್ದದ ಹಿತ್ತಾಳೆ ರಾಡ್ ಟರ್ನ್ ಮಾಡಿದೆ. ದಪ್ಪ ತುದಿಯಲ್ಲಿ 20.00, ರಾಡ್ ಹಿಡಿಯುವ ಚಕ್ ಕಡೆ 20.09 ಮಿ.ಮೀ.! ಮೈಕ್ರೋಮೀಟರೇ ಕೆಟ್ಟಿದೆ ಅಂದುಕೊಂಡು ಮೂರು ಸಲ ಅಳೆದೆ. ಕೆಟ್ಟಿದ್ದು ಬೆಡ್.

ಸಾಮಾನ್ಯವಾಗಿ ಕೆಲಸವೆಲ್ಲ ನಡೆಯುವುದು ಚಕ್ ಹತ್ತಿರದ ಒಂದಡಿಯಲ್ಲಿ. ಹಾಗಾಗಿ ಬೆಡ್ ಅಲ್ಲೇ ಸವೆಯುತ್ತದೆ, ಇನ್ನೊಂದು ತುದಿಯ ಟೈಲ್‌ಸ್ಟಾಕ್ ಕಡೆ ಹೊಸದರ ಹಾಗೇ ಇರುತ್ತದೆ. ಇದನ್ನು ಕೈಯಲ್ಲೇ ಪರೀಕ್ಷೆ ಮಾಡಬಹುದು. ಟೂಲ್ ಹೊತ್ತು ಬೆಡ್ ಮೇಲೆ ಓಡುವ ಕ್ಯಾರೇಜನ್ನು ಚಕ್ ಹತ್ತಿರ ತನ್ನಿ. ಲಾಕ್ ಬೋಲ್ಟನ್ನು ಸ್ವಲ್ಪ ಬಿಗಿ ಮಾಡಿ. ಕ್ಯಾರೇಜು ಓಡಬೇಕು, ಆದರೆ ಬಿಗಿಯಾಗಿ. ಈಗ ಹ್ಯಾಂಡ್‌ವೀಲ್ ತಿರುಗಿಸುತ್ತಾ ಟೈಲ್‌ಸ್ಟಾಕ್ ಕಡೆ ಒಯ್ಯಿರಿ. ಕೊನೆತನಕ ಒಂದೇ ಹದದಲ್ಲಿ ಓಡಿದರೆ ಒಳ್ಳೇ ಬೆಡ್. ದಾರಿಯಲ್ಲಿ ಕಚ್ಚಿಕೊಂಡು ನಿಂತರೆ, ಚಕ್ ಹತ್ತಿರ ಸವೆದಿದೆ ಅಂತ ಅರ್ಥ. ಬೆಡ್ ತಿರುಚಿಕೊಂಡಿದ್ದರೆ ಕಾಲಡಿ ತಗಡು ಕೊಟ್ಟು ಸರಿ ಮಾಡಬಹುದು. ಸವೆದ ಬೆಡ್ಡಿಗೆ ಗ್ರೈಂಡಿಂಗ್ ಮಾಡಿಸಬೇಕು, ಆ ಖರ್ಚಿಗೆ ಬೇರೆ ಮಷೀನೇ ನೋಡೋದು ವಾಸಿ.

ಟೂಲನ್ನು ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹಿಡಿಯಲ್ಲಿ ಸ್ವಲ್ಪ ಆಟ ಇದ್ದರೆ ಹೆದರಬೇಡಿ. ಒಳಗಿನ ಗನ್‌ಮೆಟಲ್ ನಟ್ ಬದಲಿಸಿದರೆ ಸರಿಹೋಗುತ್ತದೆ. ಥ್ರೆಡ್ ಕಡಿಯುವ ಚೇಂಜ್ ಗೇರ್‌ಗಳೆಲ್ಲ ಇವೆಯೇ ಅಂತ ಮಾತ್ರ ಎಣಿಸಿ. ಆಮೇಲೆ ಒಂದೊಂದೇ ಗೇರ್ ಹುಡುಕೋದು ದೊಡ್ಡ ತಲೆನೋವು.

ಮೋಟಾರು ಬಹುಪಾಲು ಥ್ರೀ ಫೇಸ್ ಆಗಿರುತ್ತದೆ. ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ಎರಡು ದಾರಿ. ಬೆಲ್ಟಿನ ಮಷೀನಾದರೆ ಒಂದು ಎಚ್‌ಪಿಯ ಸಿಂಗಲ್ ಫೇಸ್ ಮೋಟಾರು ಕೂರಿಸಿ. ಇಲ್ಲವಾದರೆ 230 ವೋಲ್ಟ್ ತಗೊಂಡು ಥ್ರೀ ಫೇಸ್ ಕೊಡುವ ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿಸಿ. ಇದು ಹೊರಗೆ ಕೊಡುವುದೂ 230 ವೋಲ್ಟೇ. ಆದ್ದರಿಂದ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುವ ಮೋಟಾರಿನ ವೈರುಗಳನ್ನು ಡೆಲ್ಟಾ ಜೋಡಣೆಗೆ ಬದಲಿಸಬೇಕು. ಈ ಕೆಲಸ ವೈಂಡಿಂಗ್ ಅಂಗಡಿಯವರಿಗೇ ಬಿಡಿ. ವಿಎಫ್‌ಡಿ ಇದ್ದರೆ ವೇಗ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು, ಹೊಸಬರಿಗೆ ಅದು ದೊಡ್ಡ ಅನುಕೂಲ.

ಇನ್ನೊಂದು ಮಾತು. ಇರುವ ದುಡ್ಡೆಲ್ಲ ಮಷೀನಿಗೇ ಸುರಿಯಬೇಡಿ. ಮೂರನೇ ಒಂದು ಭಾಗವಾದರೂ ಪಕ್ಕಕ್ಕಿಡಿ. ನಾಲ್ಕು ದವಡೆಯ ಚಕ್, ಡ್ರಿಲ್ ಚಕ್, ಲೋಹ ಕಡಿಯುವ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಬಿಟ್, ಅದನ್ನು ಮಸೆಯಲು ಬೆಂಚ್ ಗ್ರೈಂಡರ್, ವರ್ನಿಯರ್, ಡಯಲ್ ಗೇಜ್, ಇವಿಲ್ಲದೆ ಲೇಥ್ ಸುಮ್ನೆ ಕೂತಿರುತ್ತದೆ. ಗಟ್ಟಿ ವೈಸ್ ಮತ್ತು 13 ಮಿ.ಮೀ. ಚಕ್ಕಿನ ಬೆಂಚ್ ಡ್ರಿಲ್ಲನ್ನು ಲೇಥಿಗಿಂತ ಮುಂಚೆಯೇ ತನ್ನಿ. ಮಿಲ್ಲಿಂಗ್ ಮಷೀನು ಸದ್ಯಕ್ಕೆ ಬೇಡ. ಲೇಥಿಗೇ ವರ್ಟಿಕಲ್ ಸ್ಲೈಡ್ (ಕೆಲಸದ ತುಂಡನ್ನು ಮೇಲೆ ಕೆಳಗೆ ಸರಿಸುವ ಭಾಗ) ಕೂರಿಸಿದರೆ ಕೀ-ವೇಯಂಥ (ಶಾಫ್ಟಿನಲ್ಲಿ ಕಡಿಯುವ ಸೀಳು) ಸಣ್ಣ ಕೆಲಸ ಆಗುತ್ತದೆ.

ಲೇಥ್ ಮುಂದೆ ನಿಲ್ಲುವಾಗ ಉಂಗುರ, ಗ್ಲೌಸ್, ತುಂಬುತೋಳು ಬೇಡ. ಕಣ್ಣು ಕಾಯುವ ಕನ್ನಡಕ ಬೇಕೇ ಬೇಕು. ಚಕ್ ಕೀಯಿಂದ ಕೈ ತೆಗೆಯುವ ಮುಂಚೆ ಕೀಯನ್ನೇ ಹೊರಗೆ ತೆಗೆಯಿರಿ. ಅದನ್ನು ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಹಾಕಿದರೆ ಗುಂಡಿನಂತೆ ಹಾರುತ್ತದೆ.

ನೋಡಲು ಹೋಗುವಾಗ ಒಂದು ಟಾರ್ಚ್, ಮೈಕ್ರೋಮೀಟರು, 25 ಮಿ.ಮೀ. ದಪ್ಪದ ಕಬ್ಬಿಣದ ರಾಡ್ ಇಟ್ಟುಕೊಳ್ಳಿ. ಪರಿಚಯದ ಟರ್ನರ್ ಇದ್ದರೆ ಕರೆದುಕೊಂಡು ಹೋಗಿ. ರಾಡನ್ನು 100 ಮಿ.ಮೀ. ಹೊರಗೆ ಬಿಟ್ಟು ಕಟ್ಟಿ, ತೆಳುವಾಗಿ ಒಂದು ಕಟ್ ಹಾಕಿಸಿ, ಎರಡೂ ತುದಿ ಅಳೆಯಿರಿ. ಮಷೀನು ಓಡಿಸಿ ತೋರಿಸಲ್ಲ ಅಂದರೆ ಅಲ್ಲಿಂದ ಎದ್ದು ಬನ್ನಿ.